ಭಾವ ನೋಡದ ನವರಂಗ

ಭಾವ ಹಕ್ಕಿ ನೋಡುವ ಕ್ಯಾಂಪಿಗೆ ಬಾ ಎಂದು ಕರೆದಾಗ ನಾನು ಕೂಡಲೇ ಒಪ್ಪಿಕೊಂಡೆ. ಅಕ್ಕನಿಗೆ ಆಶ್ಚರ್ಯವಾಯಿತು. ಅಮ್ಮ ಹೋದ ಮೇಲೆ ನಾನು ಅವರ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ. ಕರೆದಾಗಲೆಲ್ಲ ಜಾಲಹಳ್ಳಿಯಿಂದ ಕುಂದಲಹಳ್ಳಿಗೆ ಹೋಗುವ ರಸ್ತೆಯನ್ನು ಬೈದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಮಾತ್ರ ಒಂದೇ ಷರತ್ತು ಹಾಕಿದೆ: ನನ್ನ ಎರಡು ನಾಯಿಗಳೂ ಬರಬೇಕು. ಮನೆಯಲ್ಲಿ ಅವನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂದೆ. ಅದು ನಿಜ. ಮಳೆಯಲ್ಲಿ ನೆನೆದ ಎರಡು ಬೀದಿನಾಯಿಗಳು ಭಾವನ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಮೈ ಕೊಡವುವುದನ್ನು ನೆನೆದು ನನಗೆ ಹಿತವಾಗಿತ್ತು ಎನ್ನುವುದೂ ಅಷ್ಟೇ ನಿಜ.

ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಎದ್ದು ಓಡಾಡಲೇ ಇಲ್ಲ. ಅವಳ ಮಂಚವನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದೆ. ಕಿಟಕಿಯಾಚೆ ಅವಳೇ ನೆಟ್ಟ ದಾಸವಾಳದ ಗಿಡ. ಅದರ ಒಂದು ರೆಂಬೆಗೆ ಸೂರಕ್ಕಿಯೊಂದು ಜೇಡರ ಬಲೆ, ಒಣಹುಲ್ಲು ಸೇರಿಸಿ ಗೂಡು ಕಟ್ಟತೊಡಗಿತು. ನಾನು ಪೀಣ್ಯದ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಮ್ಮನ ಬಳಿ ಹೇಳಲು ಏನಾದರೂ ಇರುತ್ತಿತ್ತು. ಇವತ್ತು ಗೂಡಿನ ಬಾಗಿಲಿಗೆ ಚಜ್ಜ ಹಾಕಿದೆ, ಇವತ್ತು ಗಂಡು ಬರಲೇ ಇಲ್ಲ, ಇವತ್ತು ಮರಿಯ ಕೊಕ್ಕು ಕಂಡಿತು. ನೋವಿನ ಮಾತ್ರೆಗಿಂತ ಅದೇ ಅವಳನ್ನು ಹಿಡಿದಿಟ್ಟಿತ್ತು.

ನಾನೇ ಅದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು. ಭಾನುವಾರ ಭಾವ ಅಕ್ಕನ ಜೊತೆ ಕ್ಯಾಮೆರಾ, ಸ್ಟ್ಯಾಂಡು ಸಮೇತ ಬಂದರು. ಗೂಡಿಗೆ ಬೆಳಕು ಬೀಳುತ್ತಿಲ್ಲ ಎಂದು ಅಡುಗೆಮನೆಯ ಕತ್ತರಿ ಕೇಳಿದರು. ನಾನು ಏಕೆಂದು ಕೇಳುವ ಮೊದಲೇ ಅಕ್ಕ ಕೊಟ್ಟಾಗಿತ್ತು. ಅಮ್ಮ ಒಳಗಿನಿಂದಲೇ, "ಕತ್ತರಿಸ್ಬೇಡಿ, ಮರೆ ಹೋಗುತ್ತೆ," ಎಂದಳು. "ಏನೂ ಆಗಲ್ಲ ಅತ್ತೆ, ನಾಲ್ಕು ಎಲೆ ಅಷ್ಟೇ," ಎಂದು ನಗುತ್ತಲೇ ಭಾವ ಗೂಡಿನ ಮುಂದಿನ ಎಲೆಗಳನ್ನು ಕತ್ತರಿಸಿ ಫೋಟೋ ತೆಗೆದರು. ಅಳಿಯನಿಗೆ ಎದುರಾಡುವುದು ನಮ್ಮ ಮನೆಯಲ್ಲಿ ರೂಢಿಯಿರಲಿಲ್ಲ.

ಮರುದಿನ ನಾನು ಕೆಲಸದಲ್ಲಿದ್ದಾಗ ಕಾಗೆ ಬಂತು. ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಅಮ್ಮ ಮಲಗಿದ್ದಲ್ಲಿಂದಲೇ ಸ್ಟೀಲ್ ಲೋಟದಿಂದ ಕಿಟಕಿಯ ಕಂಬಿಗೆ ಬಡಿದಳಂತೆ, ಕೂಗಿದಳಂತೆ. ಕಾಗೆ ಒಂದು ಮರಿಯನ್ನು ಒಯ್ದು ಮತ್ತೆ ಬಂದು ಇನ್ನೊಂದನ್ನೂ ಒಯ್ಯಿತು. ನಾನು ಬಂದಾಗ ಲೋಟ ನೆಲದಲ್ಲಿ ನೆಗ್ಗಿ ಬಿದ್ದಿತ್ತು. ಅಮ್ಮ ಅಳುತ್ತಿರಲಿಲ್ಲ. ಪರದೆ ಎಳೆದುಬಿಡು ಎಂದಳು.

ಆ ಫೋಟೋಕ್ಕೆ ಯಾವುದೋ ಸ್ಪರ್ಧೆಯಲ್ಲಿ ಬಹುಮಾನ ಬಂತು. ಭಾವ ಅದನ್ನು ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದರು. ಚೆನ್ನಾಗಿದೆ ಎಂದಳು. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಹಕ್ಕಿಯ ಮರಿಗಳಿಂದ ಯಾರೂ ಸಾಯುವುದಿಲ್ಲ, ನನಗೆ ಗೊತ್ತು. ಆದರೆ ಅವಳು ಕೊನೆಯ ತಿಂಗಳುಗಳನ್ನು ಮುಚ್ಚಿದ ಪರದೆಯನ್ನು ನೋಡುತ್ತ ಕಳೆದಳು. ಅದಕ್ಕೆ ಕಾರಣರಾದವರು ತಮ್ಮ ಮನೆಯ ಹಜಾರದಲ್ಲಿ ಆ ಫೋಟೋಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅವರಿಗೆ ಏನಾದರೂ ಒಂದು ತಪ್ಪಿಹೋಗಬೇಕು, ಅದು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದು ತಪ್ಪಬೇಕು ಎಂದು ನಾನು ಬಯಸುತ್ತಿದ್ದೆ.

ಕ್ಯಾಂಪು ಹೊಸಕೋಟೆಯ ಆಚೆ, ಒಂದು ಕೆರೆಯ ದಂಡೆಯ ತೋಟದಲ್ಲಿ. ಭಾವನ ಆಫೀಸಿನ ಗೆಳೆಯರು ನಾಲ್ಕೈದು ಮಂದಿ, ಅಕ್ಕ, ನಾನು, ನನ್ನ ಕರಿ ನಾಯಿ ಮತ್ತು ಕಂದು ನಾಯಿ. ಕೆರೆಯಾಚೆ ಗೋದಾಮುಗಳ ನೀಲಿ ಶೀಟುಗಳು ಕಾಣುತ್ತಿದ್ದವು. ಈಚೆ ಹೊಂಗೆ ಮರಗಳ ಕೆಳಗೆ ಡೇರೆಗಳು, ಅಡುಗೆಗೆ ಒಂದು ತಗಡಿನ ಶೆಡ್ಡು. ತೋಟದ ಯಜಮಾನ ನಾಯಿಗಳನ್ನು ನೋಡಿ, "ಇಂಗೆ ಬಿಡ್ಬೇಡಿ ಅಕ್ಕ, ಕೋಳಿ ಅವೆ," ಎಂದ. ನಾನು ಹಗ್ಗ ಬಿಗಿಮಾಡಿಕೊಂಡೆ.

ಸಂಜೆಯಿಂದಲೇ ಮಳೆ ಹಿಡಿಯಿತು. ಶೆಡ್ಡಿನ ಕೆಳಗೆ ಕೂತು ಭಾವ ನವರಂಗದ ಬಗ್ಗೆ ಹೇಳಿದರು. ಚಳಿಗಾಲಕ್ಕೆ ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ಬರುವ ಹಕ್ಕಿ, ಇದೇ ಹೊತ್ತಿಗೆ ನಮ್ಮ ಊರುಗಳ ಮೇಲೆ ಹಾದುಹೋಗುತ್ತದೆ, ದಣಿದು ಎಲ್ಲೆಂದರಲ್ಲಿ ಇಳಿಯುತ್ತದೆ. ಇಷ್ಟು ವರ್ಷವಾದರೂ ತಮಗೆ ಒಮ್ಮೆಯೂ ಸಿಕ್ಕಿಲ್ಲ ಎಂದರು. ಗೆಳೆಯರೊಬ್ಬರು ತಮ್ಮ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲೇ ಅದನ್ನು ಕಂಡಿದ್ದೆ ಎಂದಾಗ ಭಾವನ ಮುಖ ಸಣ್ಣದಾಯಿತು. ಆಮೇಲೆ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ, ಕೂಗನ್ನೂ ಹಾಕಿ, ಮಳೆಯ ಕಡೆಗೆ ಹಿಡಿದು, ಕಿವಿಗೊಟ್ಟು ನಿಂತರು. ಏನೂ ಉತ್ತರ ಬರಲಿಲ್ಲ. ನನಗೆ ಅವರ ಆಸೆ ಏನೆಂದು ಗೊತ್ತಾಗಿದ್ದು ಆಗ.

ಬೆಳಿಗ್ಗೆ ಎಲ್ಲರೂ ಇನ್ನೂ ಮಲಗಿದ್ದಾರೆ ಎಂದುಕೊಂಡು ನಾಯಿಗಳನ್ನು ಹೊರಗೆ ಕರೆದುಕೊಂಡು ಹೋದೆ. ಜಡಿಮಳೆ ಬಿಟ್ಟಿರಲಿಲ್ಲ. ಶೆಡ್ಡಿನ ಹಿಂದೆ, ಕೊಳೆತ ಹೊಂಗೆ ಎಲೆಗಳ ರಾಶಿಯ ಬಳಿ ಕರಿ ನಾಯಿ ಒಂದು ಮುಂಗಾಲೆತ್ತಿ ಅಲ್ಲೇ ನಿಂತುಬಿಟ್ಟಿತು. ನಾನು ಕೂತು ಅದರ ಬಾಯಿಯ ಮೇಲೆ ಕೈಯಿಟ್ಟೆ. ಎಲೆಗಳ ನಡುವೆ ಏನೋ ಕುಪ್ಪಳಿಸಿತು. ಹಸಿರು ಬೆನ್ನು, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಹೊಟ್ಟೆಯಡಿ ಕುಂಕುಮದಂಥ ಕೆಂಪು, ಇದ್ದೂ ಇಲ್ಲದಂಥ ಮೊಂಡು ಬಾಲ. ಅದು ಎಲೆಯೊಂದನ್ನು ಕೊಕ್ಕಿನಿಂದ ಎತ್ತಿ ಪಕ್ಕಕ್ಕೆಸೆದು, ಹುಳು ಹೆಕ್ಕಿ, ಮತ್ತೆ ಕುಪ್ಪಳಿಸಿತು. ಹಿಂದಿನ ಸಂಜೆ ಭಾವ ಮೊಬೈಲು ಹಿಡಿದು ನಿಂತಿದ್ದ ಜಾಗ ಅಲ್ಲಿಂದ ಕೂಗಳತೆಯಷ್ಟೂ ದೂರವಿರಲಿಲ್ಲ. ಅಮ್ಮ ಇದನ್ನು ಕಂಡಿದ್ದರೆ ಎಂದು ಮೊದಲು ಅನ್ನಿಸಿತು. ಎರಡನೆಯದಾಗಿ ಏನು ಮಾಡಬೇಕೆಂದು ಹೊಳೆಯಿತು.

ನಾಯಿಗಳನ್ನು ಮೆಲ್ಲಗೆ ಎಳೆದುಕೊಂಡು ಬಂದೆ. ಭಾವ ಚಹಾದ ಲೋಟ ಹಿಡಿದು ನಿಂತಿದ್ದರು. ಏನಾದರೂ ಕಂಡಿತೇ ಎಂದು ಕೇಳಿದರು.

"ಕಾಣ್ಲಿಲ್ಲ ಭಾವ," ಎಂದೆ. "ಕೆರೆ ಏರಿ ದಾಟಿದ್ರೆ ನೀಲಗಿರಿ ತೋಪಿದೆಯಲ್ಲ, ಅಲ್ಲಿಂದ ಎರಡು ಸಲ ಕೂಗಿದ್ದು ಕೇಳಿಸ್ತು. ನೀವು ನಿನ್ನೆ ಮೊಬೈಲಲ್ಲಿ ಹಾಕಿದ್ರಲ್ಲ, ಹಾಗೇ ಇತ್ತು."

ನೀಲಗಿರಿ ತೋಪಿನಲ್ಲಿ ಅಂಥ ಹಕ್ಕಿ ಇಳಿಯುವುದು ಅಪರೂಪ ಎಂದು ಭಾವನಿಗೆ ಗೊತ್ತಿರಬೇಕಿತ್ತು. ಆಸೆ ಅಷ್ಟು ಯೋಚಿಸಲು ಬಿಡಲಿಲ್ಲ. ಗೆಳೆಯರು ತಾವೂ ಬರುತ್ತೇವೆ ಎಂದು ಬೂಟು ಹುಡುಕತೊಡಗಿದಾಗ ಅವರು ತಡೆದರು. ಜಾಸ್ತಿ ಜನ ಹೋದರೆ ಹಾರಿಹೋಗುತ್ತದೆ, ಮೊದಲು ನಾನು ನೋಡಿ ಬರುತ್ತೇನೆ ಎಂದರು. ಕ್ಯಾಮೆರಾಗೆ ಪ್ಲಾಸ್ಟಿಕ್ ಹೊದಿಸಿ ಒಬ್ಬರೇ ಹೊರಟರು. ಏರಿಯ ಮೇಲೆ ಅವರ ಹಸಿರು ರೈನ್‌ಕೋಟು ಚಿಕ್ಕದಾಗುವವರೆಗೂ ನೋಡಿದೆ.

ಆ ಬೆಳಗನ್ನು ನಾನು ಅನುಭವಿಸಿದೆ. ಬಿಸಿ ಉಪ್ಪಿಟ್ಟು ತಿಂದೆ, ಎರಡು ಸಲ ಹಾಕಿಸಿಕೊಂಡೆ. ಮಳೆ ಜೋರಾದಾಗಲೆಲ್ಲ ತಗಡಿನ ಸದ್ದಿಗೆ ಸಂತೋಷವಾಯಿತು. ಏರಿಯ ಆಚೆ ಮಣ್ಣು ಹೇಗೆ ಕಾಲನ್ನು ಹಿಡಿದುಕೊಳ್ಳುತ್ತದೆ, ನೀರು ಕಾಲರಿನೊಳಗೆ ಹೇಗೆ ಇಳಿಯುತ್ತದೆ ಎಂದು ಊಹಿಸಿಕೊಂಡೆ. ಗೆಳೆಯರೊಬ್ಬರು ಹೋಗಿ ನೋಡಿಬರೋಣವೇ ಎಂದರು. ಅಕ್ಕ ಸೌತೆಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತದೆ, ಬರುತ್ತಾರೆ ಬಿಡಿ ಎಂದಳು. ನಾನು ಮತ್ತೊಮ್ಮೆ ಶೆಡ್ಡಿನ ಹಿಂದೆ ಇಣುಕಿದೆ. ಹಕ್ಕಿ ಅಲ್ಲೇ ಇತ್ತು.

ಊಟದ ಹೊತ್ತಿಗೆ ಭಾವ ಬಂದರು. ತೊಡೆಯವರೆಗೆ ಕೆಸರು, ಮೊಣಕೈ ತರಚಿತ್ತು. ಕಾಲುವೆಯಲ್ಲಿ ಜಾರಿದರಂತೆ. ಎಲ್ಲರೂ ಸುತ್ತ ನೆರೆದು ಕೇಳಿದರು. ಸಿಗಲಿಲ್ಲ ಎನ್ನುತ್ತಾರೆ, ಅಷ್ಟಕ್ಕೇ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಭಾವ ಟವೆಲಿನಿಂದ ಮುಖ ಒರೆಸಿಕೊಂಡು ಒಂದು ಕ್ಷಣ ಗೆಳೆಯರನ್ನೆಲ್ಲ ನೋಡಿದರು.

"ನೋಡ್ದೆ ಗುರು," ಎಂದರು. "ಎದುರಿಗೇ ಬಂದು ಕೂತಿತ್ತು. ಲೆನ್ಸ್ ಒಳಗೆ ಮಂಜು ಹಿಡಿದ್ಬಿಟ್ಟಿತ್ತು, ಫೋಟೋ ಬರ್ಲಿಲ್ಲ."

ಗೆಳೆಯರು ಬೆನ್ನು ತಟ್ಟಿದರು. ಅಪಾರ್ಟ್‌ಮೆಂಟಿನಲ್ಲಿ ಹಕ್ಕಿ ಕಂಡಿದ್ದವರು ಕೈ ಕುಲುಕಿದರು. ಇಷ್ಟು ದೊಡ್ಡ ಅವಕಾಶ ತಾನಾಗಿ ನನ್ನ ಕೈಗೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಗಲಾಟೆ ಇಳಿಯುವವರೆಗೆ ಕಾದು, ಶೆಡ್ಡಿನ ಹಿಂದೆಯೇ ಇನ್ನೊಂದು ನವರಂಗ ಇದೆ, ಬೇಕಾದವರು ಸದ್ದು ಮಾಡದೆ ಬನ್ನಿ ಎಂದೆ. ಎಲ್ಲರೂ ಎದ್ದರು. ಭಾವನೂ ಎದ್ದರು.

"ನೀವು ಕೂತ್ಕೊಳ್ಳಿ ಭಾವ," ಎಂದೆ. "ನೀವು ಆಗ್ಲೇ ನೋಡಿದ್ದೀರಲ್ಲ. ಜಾಸ್ತಿ ಜನ ಹೋದ್ರೆ ಹಾರಿಹೋಗುತ್ತೆ."

ಅವರು ನನ್ನ ಮುಖ ನೋಡಿದರು. ಆಗಲೇ ಅವರಿಗೆ ಅರ್ಥವಾಯಿತು. ಆದರೆ ಆಡಿದ ಮಾತನ್ನು ನುಂಗುವಂತಿರಲಿಲ್ಲ. ಟವೆಲು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಗೆಳೆಯರು ಇಬ್ಬಿಬ್ಬರಾಗಿ ಹೋಗಿ ನೋಡಿ ಬಂದರು. ಬಂದವರೆಲ್ಲ ಪಿಸುಮಾತಿನಲ್ಲಿ ಅದರ ಬಣ್ಣಗಳನ್ನು ಭಾವನಿಗೇ ವರ್ಣಿಸಿದರು. ಭಾವ ಹೂಂ, ಹೂಂ ಎಂದರು.

ಎಲ್ಲರೂ ಊಟಕ್ಕೆ ಕೂತಾಗ ಭಾವ ಕಾಣಲಿಲ್ಲ. ನಾಯಿಗಳಿಗೆ ಅನ್ನ ಹಾಕುವ ನೆಪದಲ್ಲಿ ಹಿಂದೆ ಹೋದೆ. ಅವರು ಎಲೆಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲಿನಲ್ಲಿ ಅದೇ ಕೂಗು ಹಾಕುತ್ತಿದ್ದರು. ಇಷ್ಟು ಜನರ ಓಡಾಟಕ್ಕೆ ಹಕ್ಕಿ ಹೋಗಿಬಿಟ್ಟಿತ್ತು.

"ಆ ತೋಪಲ್ಲಿ ಏನೂ ಕೂಗಿರ್ಲಿಲ್ಲ, ಅಲ್ವಾ?" ಎಂದರು ತಿರುಗದೆ.

"ಇಲ್ಲ."

"ಬೇಕಂತ್ಲೇ ಕಳ್ಸಿದೆ."

"ಹೌದು. ಅಮ್ಮನ ಕಿಟಕಿ ಹತ್ರ ದಾಸವಾಳ ಕತ್ತರಿಸಿದ್ರಲ್ಲ, ಅದಕ್ಕೆ."

ಭಾವ ಎದ್ದು ನಿಂತು ನಿಜವಾಗಿಯೂ ಯೋಚಿಸಿದರು. "ಯಾವ ದಾಸವಾಳ?" ಎಂದರು.

ಅವರು ನಾಟಕವಾಡುತ್ತಿರಲಿಲ್ಲ. ಆ ಫೋಟೋದ ಕೆಳಗೆ ಕೂತು ದಿನವೂ ಕಾಫಿ ಕುಡಿಯುವ ಮನುಷ್ಯನಿಗೆ ಆ ಗಿಡವೇ ನೆನಪಿರಲಿಲ್ಲ. ನಾನು ಹೇಳಿದೆ. ಕಾಗೆ, ಲೋಟ, ಪರದೆ ಎಲ್ಲವನ್ನೂ ಹೇಳಿದೆ. ಒಂದು ಗೂಡಿಗೋಸ್ಕರ ಇಷ್ಟೆಲ್ಲ ಮಾಡಿದೆಯಾ ಎಂದು ಕೇಳಿದರು. ಸಿಟ್ಟು ಇಳಿಯುತ್ತದೆ ಎಂದು ಕಾದಿದ್ದೆ, ಇಳಿಯಲಿಲ್ಲ. ಕಾಲುವೆ ಇನ್ನಷ್ಟು ಆಳವಿರಬೇಕಿತ್ತು ಎನ್ನಿಸಿತು.

ವಾಪಸು ಬರುವಾಗ ಕಾರಿನಲ್ಲಿ ನಾಯಿಗಳು ಮೈ ಕೊಡವಿದಾಗ ಭಾವನ ಕತ್ತಿನ ಮೇಲೆ ನೀರು ಸಿಡಿಯಿತು. ಅವರು ಒರೆಸಿಕೊಳ್ಳಲೂ ಇಲ್ಲ. ಜಾಲಹಳ್ಳಿಯಲ್ಲಿ ನನ್ನನ್ನು ಇಳಿಸಿದಾಗ ಅಕ್ಕ ನಾಯಿಗಳನ್ನು ಒರೆಸಿಕೊಟ್ಟು ಬರುತ್ತೇನೆ ಎಂದು ಒಳಗೆ ಬಂದಳು. ಭಾವ ಕಾರಿನಲ್ಲೇ ಉಳಿದರು. ಅಕ್ಕ ಹಜಾರದ ನೆಲದ ಮೇಲೆ ಕೂತು ಕರಿ ನಾಯಿಯ ಕಿವಿ ಒರೆಸುತ್ತ ಇದ್ದಳು. ಬೈಯಲು ಮಾತು ಹುಡುಕುತ್ತಿದ್ದಾಳೆ ಎಂದುಕೊಂಡೆ.

"ನಾನು ಬೆಳಿಗ್ಗೆ ಮುಖ ತೊಳ್ಯಕ್ಕೆ ಹೋದಾಗ್ಲೇ ನೋಡಿದ್ದೆ ಕಣೇ," ಎಂದಳು.

"ಏನನ್ನ?"

"ಅದನ್ನೇ. ಶೆಡ್ ಹಿಂದೆ. ನೀನಿನ್ನೂ ಎದ್ದಿರ್ಲಿಲ್ಲ. ಅವ್ರೂ ಡೇರೆಯಲ್ಲಿ ಮಲ್ಗಿದ್ರು."

"ಎಬ್ಬಿಸ್ಲಿಲ್ವಾ?"

"ಇಲ್ಲ," ಎಂದಳು. "ಕತ್ತರಿ ಕೊಟ್ಟವಳು ನಾನೇ ಅಲ್ವಾ."

ಹೊರಗೆ ಕಾರಿನ ಹಾರ್ನು ಕೇಳಿಸಿತು. ಅಕ್ಕ ನಾಯಿಯ ಇನ್ನೊಂದು ಕಿವಿಯನ್ನೂ ನಿಧಾನವಾಗಿ ಒರೆಸಿ ಮುಗಿಸಿಯೇ ಎದ್ದಳು.

ಭಾವ ಇಂದಿಗೂ ನವರಂಗ ನೋಡಿದ್ದೇನೆ ಎಂದೇ ಹೇಳುತ್ತಾರೆ. ಹೇಳದೆ ಬೇರೆ ದಾರಿಯಿಲ್ಲ, ಗೆಳೆಯರು ಕೇಳುತ್ತಲೇ ಇರುತ್ತಾರೆ. ಹೇಳುವಾಗ ನಾನಿದ್ದರೆ ಅವರ ದನಿ ಸ್ವಲ್ಪ ತಗ್ಗುತ್ತದೆ. ಅಕ್ಕ ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸುತ್ತಾಳೆ. ನಾನು ಒಮ್ಮೆಯೂ ತಿದ್ದಿಲ್ಲ. ಕ್ಷಮಿಸಿಯೂ ಇಲ್ಲ.