ಅಮ್ಮ ಒರಗುತ್ತಿದ್ದ ಗೋಡೆ

ನಾನು ಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಯುವವಳು. ಯಾರ ಮುಖ ಕೇಳಿದರೂ ಬರೆದುಕೊಡುತ್ತೇನೆ, ತೀರಿಹೋದ ನನ್ನಮ್ಮನದೊಂದನ್ನು ಬಿಟ್ಟು. ಫೋಟೋ ಎದುರಿಗಿಟ್ಟುಕೊಂಡು ಎಷ್ಟು ಸಲ ಕೂತರೂ ಕಾಗದದ ಮೇಲೆ ಬರುತ್ತಿದ್ದವಳು ಯಾರೋ ದೂರದ ನೆಂಟರ ಹೆಂಗಸು.

ಹೊಸಕೋಟೆ ಹತ್ತಿರದ ನಮ್ಮ ಮನೆಯ ನಡುಮನೆಯಲ್ಲಿ ಅಮ್ಮನಿಗೆ ಒಂದು ಜಾಗವಿತ್ತು. ತಲೆಗೆ ಹರಳೆಣ್ಣೆ ಒತ್ತಿಕೊಂಡು, ಗೋಡೆಗೆ ಒರಗಿ, ನೆನೆಸಿದ ಅವರೆಕಾಳು ಹಿದುಕುತ್ತಾ ಕೂರುತ್ತಿದ್ದಳು. ಪಿಲ್ಲಗುಂಪೆಯ ಫ್ಯಾಕ್ಟರಿಯಿಂದ ಅಪ್ಪನ ಸ್ಕೂಟರ್ ಬರುವ ಸದ್ದಿಗೆ ಕಿವಿಗೊಟ್ಟು ಕತ್ತು ಒಂದು ಕಡೆ ವಾಲಿರುತ್ತಿತ್ತು. ಹಾಗೆ ಕೂತು ಕೂತು ಗೋಡೆಯ ಮೇಲೆ ತಲೆಯಗಲದ ಜಿಡ್ಡು ಹತ್ತಿತ್ತು. "ಗೋಡೆಗೂ ಎಣ್ಣೆ ಹಚ್ತೀಯಲ್ಲಮ್ಮ, ಜಡೇನೂ ಹಾಕ್ಬಿಡು" ಎಂದು ರೇಗಿಸುತ್ತಿದ್ದೆ.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ಆ ಜಿಡ್ಡಿನ ಮೇಲೆ ಬಿತ್ತು. ತುರುಬು ತಗಲಿದ ಜಾಗ, ವಾಲಿದ ಕತ್ತು, ಎಲ್ಲ ಅಲ್ಲೇ ಇತ್ತು. ಮುಖದ ಗೊಡವೆ ಬಿಟ್ಟು ಬರೀ ಗೋಡೆಯನ್ನು ಬರೆದೆ. ಕಾಗದದಲ್ಲಿ ಅಮ್ಮ ಬಂದು ಕೂತಿದ್ದಳು. ಆಮೇಲೆ ದಿನವೂ ಅದನ್ನೇ ಬರೆಯತೊಡಗಿದೆ.

ಅಪ್ಪನಿಗೆ ತಡೆಯಲಾಗಲಿಲ್ಲ.

"ಅದು ಕಣ್ಣಿಗೆ ಬಿದ್ರೆ ಗಂಟ್ಲಲ್ಲಿ ಅನ್ನ ಇಳಿಯಲ್ಲ ಕಣಮ್ಮ. ಬಣ್ಣ ಹೊಡೆಸ್ಬಿಡ್ತೀನಿ."

"ಹೊಡೆಸಿದ್ರೆ ನಾನು ಪೆನ್ಸಿಲ್ ಮುಟ್ಟಲ್ಲ" ಅಂದೆ.

ನಾನು ಚಿತ್ರ ಕೊಡಲು ಬೆಂಗಳೂರಿಗೆ ಹೋಗಿದ್ದ ದಿನ ಹೊಡೆಸಿಯೇಬಿಟ್ಟರು. ಬೆಳ್ಳಗಿನ ಗೋಡೆ ನೋಡಿ ಅಮ್ಮನನ್ನು ಎರಡನೇ ಸಲ ಕಳಿಸಿಕೊಟ್ಟಷ್ಟು ಸಂಕಟವಾಯಿತು. ಅಪ್ಪನ ಜೊತೆ ಮಾತು ಬಿಟ್ಟೆ. ಪೆನ್ಸಿಲನ್ನೂ ಮುಟ್ಟಲಿಲ್ಲ.

ಮೊದಲು ಮಾತಾಡಿಸಿದವರು ಅಪ್ಪನೇ. ಸೆಕೆ ಶುರುವಾದ ಮೇಲೆ ಒಂದು ಬೆಳಿಗ್ಗೆ ನಡುಮನೆಯಿಂದ ಕೂಗಿದರು.

"ಇಲ್ನೋಡು, ಬಂದವ್ಳೆ."

ಬಿಳಿ ಬಣ್ಣ ದಾಟಿಕೊಂಡು ಎಣ್ಣೆ ಮತ್ತೆ ಎದ್ದು ಬಂದಿತ್ತು. ಅದೇ ತುರುಬು, ಅದೇ ವಾಲಿದ ಕತ್ತು. ಅಪ್ಪ ಮುಟ್ಟಲು ಕೈ ಚಾಚಿ ಹಿಂದಕ್ಕೆಳೆದುಕೊಂಡರು. ನನಗೂ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಆವತ್ತಿನಿಂದ ಅಪ್ಪ ಊಟದ ತಟ್ಟೆ ಹಿಡಿದು ಅದರ ಪಕ್ಕಕ್ಕೇ ಒರಗಿ ಕೂರುತ್ತಾರೆ. ಅನ್ನ ಇಳಿಯುತ್ತದೆ. ನಾನು ಎದುರಿಗೆ ಕೂತು ಅಮ್ಮನನ್ನು ಬರೆಯುತ್ತೇನೆ.

ಮೊನ್ನೆ ಅವರು ಕೈ ತೊಳೆಯಲು ಎದ್ದಾಗ ನೋಡಿದೆ. ಅಮ್ಮನ ಗುರುತಿನ ಪಕ್ಕದಲ್ಲಿ, ತುಸು ಮೇಲೆ, ಮಸುಕಾಗಿ ಇನ್ನೊಂದು ಗುರುತು. ಅಪ್ಪನೂ ತಿರುಗಿ ನೋಡಿದರು.

"ನಂದ್ಯಾವಾಗ ಬರೀತೀಯಮ್ಮ?"

ಪೆನ್ಸಿಲ್ ಕೆಳಗಿಟ್ಟೆ.

"ಅದಿನ್ನೂ ಸರಿಯಾಗಿ ಮೂಡಿಲ್ಲ ಕಣಪ್ಪ. ಇನ್ನೂ ತುಂಬ ದಿನ ಕೂತ್ಕೋಬೇಕು ನೀನು" ಅಂದೆ.