ಒಂದೂವರೆ ತಿಂಗಳ ಚಪಾತಿ

ಅಜ್ಜಂಪುರದ ವನಜಾಕ್ಷಿಗೆ ಮರೆವು ಎಂಬುದು ಹುಟ್ಟಿನಿಂದಲೇ ಇಲ್ಲ. ಮದುವೆಯಲ್ಲಿ ತನ್ನ ಸೀರೆಗೆ ಯಾರು ಹೆಸರಿಟ್ಟರು ಎಂಬುದು ಹದಿನಾಲ್ಕು ವರ್ಷವಾದರೂ ನೆನಪಿದೆ. ಇನ್ನು ಮಠದ ದಾಸೋಹದಲ್ಲಿ ಅತ್ತೆ ಮಲ್ಲಿಕಾಂಬ ಮಾಡಿದ ಅವಮಾನವನ್ನು ಬಿಟ್ಟಾಳೆಯೇ?

ಮುದ್ದೆ ಉಣ್ಣುವ ಆ ಮನೆಯಲ್ಲಿ ಗೋಧಿ ಎಂದರೆ ಕಾಯಿಲೆಯವರ ಪಥ್ಯ. ಯಾರಿಗೆ ಹೊಟ್ಟೆ ಕೆಟ್ಟರೂ ಮಲ್ಲಿಕಾಂಬ ಗೋಧಿ ರವೆ ಗಂಜಿ ಕಾಯಿಸುತ್ತಿದ್ದರು. ಸೊಸೆಗೂ ಅದೇ. ಮೂರು ವರ್ಷ ಹೊಟ್ಟೆಯುಬ್ಬರ, ಭೇದಿ, ಎದ್ದರೆ ತಲೆಸುತ್ತು. ಗಂಜಿ ಕುಡಿದಷ್ಟೂ ಹೆಚ್ಚಾಯಿತು. ಕಡೆಗೆ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಗೋಧಿಯೇ ತನಗಾಗದು ಎಂಬ ಅನುಮಾನ ಬಂದು, ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಹೊಟ್ಟೆ ಸರಿಹೋಯಿತು.

ಆಗಲೇ ಬಂತು ದಾಸೋಹ. ಬಡಿಸಿದ ಗೋಧಿ ಪಾಯಸವನ್ನು ವನಜಾಕ್ಷಿ ತಟ್ಟೆಯಲ್ಲೇ ಬಿಟ್ಟಳು. ಪ್ರಸಾದದ ಅಗುಳೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿಯುವ ಜನ ಅವರು.

“ಮನೇಲಿ ನಾಟಕ ಆಡೋದು ಸಾಲ್ದು ಅಂತ ಮಠಕ್ಕೂ ಬಂದ್ಬಿಟ್ಲು ಕಣ್ರವ್ವಾ!” ಎಂದರು ಮಲ್ಲಿಕಾಂಬ, ಪಂಕ್ತಿಗೆಲ್ಲ ಕೇಳುವಂತೆ. ಹೆಂಗಸರು ನಕ್ಕರು.

ಮರುವಾರವೇ ರಕ್ತ ಪರೀಕ್ಷೆ ಮಾಡಿಸಿದಳು. ಏನೂ ಇಲ್ಲವೆಂದು ಬಂತು. ಅತ್ತೆ ಅದನ್ನು ಬೀದಿಗೆಲ್ಲ ಸಾರಿದರು. ವನಜಾಕ್ಷಿ ಹಲ್ಲು ಕಚ್ಚಿಕೊಂಡು ಶಿವಮೊಗ್ಗದ ದೊಡ್ಡ ಡಾಕ್ಟರ ಹತ್ತಿರ ಹೋದಳು.

“ತಿನ್ನೋದು ಬಿಟ್ಟು ಟೆಸ್ಟ್ ಮಾಡಿಸಿದ್ರೆ ಏನಮ್ಮಾ ಸಿಗುತ್ತೆ? ಒಂದೂವರೆ ತಿಂಗಳು ದಿನಾ ಎರಡು ಚಪಾತಿ ತಿಂದು ಬನ್ನಿ.”

ಬೇರೆಯವರಾಗಿದ್ದರೆ ಅಳುತ್ತಿದ್ದರು. ವನಜಾಕ್ಷಿಗೆ ಖುಷಿಯಾಯಿತು.

“ಅತ್ತೆ, ಡಾಕ್ಟ್ರು ಚಪಾತಿ ಬರ್ದಿದಾರೆ. ನೀವೇ ಲಟ್ಟಿಸ್ಬೇಕು. ಗೋಧಿ ಏನೂ ಮಾಡಲ್ಲ ಅಂದೋರು ನೀವೇ ಅಲ್ವಾ?”

ಮಂಡಿನೋವಿನ ಮಲ್ಲಿಕಾಂಬ ಒಲೆ ಮುಂದೆ ನಿಂತು ದಿನವೂ ಲಟ್ಟಿಸಿದರು. ಸೊಸೆ ಅವರ ಎದುರಿಗೇ ಕೂತು ತಿಂದಳು. ಹೊಟ್ಟೆ ಹಿಡಿದುಕೊಂಡು ಓಡುವಾಗ, ಅತ್ತೆಗೆ ಕೇಳಲಿ ಎಂದೇ ಬಚ್ಚಲ ಬಾಗಿಲನ್ನು ದಡಾರನೆ ಹಾಕಿದಳು.

“ಸಾಕು ಬಿಡೇ, ಇಳ್ದು ಹೋಗಿದೀಯ,” ಎಂದ ಗಂಡ ರುದ್ರಮೂರ್ತಿ.

“ಆವತ್ತು ಪಂಕ್ತೀಲಿ ನೀವೂ ಇದ್ರಲ್ಲ, ಆಗೆಲ್ಲಿ ಹೋಗಿತ್ತು ಈ ಬಾಯಿ?”

ಒಂದು ದಿನ ಹತ್ತು ವರ್ಷದ ಮಗಳು ಕೃತಿಕಾ ಹೊಟ್ಟೆನೋವೆಂದು ಚಪಾತಿ ತಟ್ಟೆ ದೂಡಿದಳು. ಅತ್ತೆಯ ಮುಂದೆ ಇದೆಲ್ಲ ಬೇಕಿತ್ತೇ ಎಂದು ವನಜಾಕ್ಷಿಗೆ ರೇಗಿತು. “ಸ್ಕೂಲ್ ತಪ್ಸೋಕೆ ದಿನಾ ಇದೇ ನಾಟಕ! ಸುಮ್ನೆ ತಿನ್ನು.”

ಒಂದೂವರೆ ತಿಂಗಳು ಮುಗಿಸಿ ವನಜಾಕ್ಷಿ ಮತ್ತೆ ಶಿವಮೊಗ್ಗಕ್ಕೆ ಹೋದಳು. ಈ ಸಲ ರಕ್ತದಲ್ಲೇ ಸಿಕ್ಕಿತು. ಬಾಯಿಂದ ನಳಿಗೆ ಇಳಿಸಿ, ಕರುಳಿನ ಚೂರು ತೆಗೆದೂ ನೋಡಿದರು. ಸೀಲಿಯಾಕ್ ಎಂಬ ಕಾಯಿಲೆ. ಬದುಕಿರುವವರೆಗೂ ಗೋಧಿ ಕೂಡದು. ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ವನಜಾಕ್ಷಿಯ ಮನಸ್ಸು ಅಜ್ಜಂಪುರ ತಲುಪಿಯಾಗಿತ್ತು.

ಸೋಮವಾರ ಮನೆಯಲ್ಲಿ ಭಜನೆ. ಅಂದು ಮಠದಲ್ಲಿ ನಕ್ಕ ಹೆಂಗಸರೆಲ್ಲ ಬಂದಿದ್ದರು. ಮಂಗಳಾರತಿ ಮುಗಿಯುತ್ತಿದ್ದಂತೆ ವನಜಾಕ್ಷಿ ಡಾಕ್ಟರ ಚೀಟಿ ಬಿಚ್ಚಿ, ಒಂದೊಂದೇ ಸಾಲನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದಳು.

“ಕಾಯಿಲೆ ಇರೋದು ಖಚಿತ. ಕರುಳಿನ ಒಳಪದರ ಸವೆದು ಹೋಗಿದೆ.”

ಮಲ್ಲಿಕಾಂಬ ತಲೆ ತಗ್ಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವನಜಾಕ್ಷಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದೇ ದನಿಯಲ್ಲಿ ಕೊನೆಯ ಸಾಲನ್ನೂ ಓದಿದಳು.

“ಇದು ರಕ್ತಸಂಬಂಧದಲ್ಲಿ ಬರಬಹುದು. ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕು.”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಕೃತಿಕಾ ಕೇಳಿದಳು: “ಹಂಗಾದ್ರೆ ನಂದೂ ನಾಟಕ ಅಲ್ವೇನಮ್ಮಾ?”

ಯಾರೂ ನಗಲಿಲ್ಲ. ಮಲ್ಲಿಕಾಂಬ ಮೆಲ್ಲಗೆ ಎದ್ದು ಮೊಮ್ಮಗಳನ್ನು ಎದೆಗೊತ್ತಿಕೊಂಡರು. ಮರೆವೇ ಇಲ್ಲದ ವನಜಾಕ್ಷಿಗೆ, ಹೊಟ್ಟೆ ಹಿಡಿದುಕೊಂಡಿದ್ದ ಮಗಳನ್ನು ಗದರಿಸಿ ಶಾಲೆಗೆ ಕಳಿಸಿದ ಬೆಳಗುಗಳೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿದವು.