ಚುಕ್ಕೆ, ನಮ್ಮವರು

ಬಿಕರ್ನಕಟ್ಟೆಯ ಶಶಿಪ್ರಭಾ ಮದುವೆ ಹಾಲ್‌ಗಳಿಗೂ ಬೇಕರಿಗಳಿಗೂ ವೆಬ್‌ಸೈಟ್ ಮಾಡಿಕೊಡುವ ಹೆಂಗಸು. ಐವತ್ತು ದಾಟಿದ ಮೇಲೆ ಕಲಿತದ್ದು. ಊಟದ ಮೇಜಿನ ಅರ್ಧ ಅವಳ ಲ್ಯಾಪ್‌ಟಾಪಿಗೆ, ಉಳಿದರ್ಧ ಗಂಡ ಜಯಪಾಲನ ಗಂಜಿ ಬಟ್ಟಲಿಗೆ.

ಈ ಸಲದ ಕೆಲಸ ತವರಿನದ್ದು. ಕುಟುಂಬದವರೆಲ್ಲರ ಹೆಸರಿನ ಪುಟ. ತುಳುವರಲ್ಲಿ ಬರಿ, ಅಂದರೆ ಕುಲ, ತಾಯಿಯಿಂದ ಬರುವುದಲ್ಲವೇ? ಅಣ್ಣ ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದ: "ನಮ್ಮ ಬರಿಯವರಿಗೆ ಹಸಿರು, ಹೊರಗಿನವರಿಗೆ ಕಪ್ಪು."

ಶಶಿಪ್ರಭಾಳಿಗೆ ಅದು ಸುಲಭ. ಯಾರಿಗೆ ಬಣ್ಣ ಎಂದು ಪುಟಕ್ಕೆ ಹೇಳುವ ಮಾತೇ ಸೆಲೆಕ್ಟರ್. ಪುಟದಲ್ಲಿ ಮುತ್ತಜ್ಜಿಯ ಬರಿಗೆಂದು ಹಾಕಿದ ಪೆಟ್ಟಿಗೆಯೊಳಗಿನ ಹೆಸರೆಲ್ಲ ಹಸಿರು ಎಂದು ಒಂದು ಸಾಲು ಬರೆದಳು. ಹೆಣ್ಣುಮಕ್ಕಳ ಮಕ್ಕಳೆಲ್ಲ ಹಸಿರಾದರು. ಗಂಡಂದಿರು, ಸೊಸೆಯಂದಿರು, ಸೊಸೆಯಂದಿರ ಮಕ್ಕಳು ಪಕ್ಕದ ಪೆಟ್ಟಿಗೆಯಲ್ಲಿ ಕಪ್ಪಾಗಿ ಉಳಿದರು.

"ನಾನು ಹೇಗೂ ಬಾಡಿಗೆಗೆ ಬಂದವ," ಎಂದು ಜಯಪಾಲ ನಕ್ಕ. ಆ ನಗು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಮಗ ಮೋಕ್ಷಿತನ ಮಗಳು ಪ್ರಾಪ್ತಿ ಮಾತ್ರ ನಗಲಿಲ್ಲ. ಈಗಷ್ಟೇ ಓದಲು ಕಲಿತ ಹುಡುಗಿ, ಪರದೆಯ ಮೇಲೆ ಬೆರಳಿಟ್ಟಳು.

"ಅಜ್ಜೀ, ನಂದು ಎಂತಕ್ಕೆ ಕಪ್ಪು?"

"ನೀನು ಅಮ್ಮನ ಬರಿ, ಪುಟ್ಟಾ."

"ಹಾಗಾದ್ರೆ ನಾನು ನಿನ್ನವಳಲ್ವಾ?"

ಶಶಿಪ್ರಭಾ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ ಕೈ ಅದು. ಪ್ರಾಪ್ತಿಯ ಹೆಸರಿಗೆ 'ನಮ್ಮವರು' ಎಂಬ ಪದ ಅಂಟಿಸಿದಳು. ಬಣ್ಣದ ಕಡತದಲ್ಲಿ ಒಂದು ಚುಕ್ಕೆ ಇಟ್ಟು, ಮುಂದೆ ಅದೇ ಪದ ಬರೆದು, ಅದು ಅಂಟಿದ ಹೆಸರು ಯಾವ ಪೆಟ್ಟಿಗೆಯಲ್ಲಿದ್ದರೂ ಹಸಿರು ಎಂದಳು. ಹುಡುಗಿ ಕುಣಿದಾಡಿದಳು.

ಸಂಜೆ ಪುಟ ನೋಡಿದ ಅಣ್ಣನ ಫೋನ್ ಬಂತು. "ಇದು ಎಂತ ಶಶೀ? ಪ್ರಾಪ್ತಿಯ ಬರಿಯನ್ನೇ ಬದಲಿಸಿದ್ಯಾ?"

"ಇಲ್ಲ ಅಣ್ಣ. ಅವಳು ಇದ್ದ ಪೆಟ್ಟಿಗೆಯಲ್ಲೇ ಇದ್ದಾಳೆ. ನಮ್ಮವಳು ಅಂತ ಹೇಳಿದೆ, ಅಷ್ಟೆ. ತೆಗಿಯುದಿಲ್ಲ."

ಅಣ್ಣ ಗೊಣಗಿದ, ಫೋನಿಟ್ಟ. ಅಷ್ಟರಲ್ಲಿ ಪುಟ ನೋಡುತ್ತಿದ್ದ ಜಯಪಾಲ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ನಂದೂ ಹಸಿರಾಗಿ ಉಂಟಲ್ಲ. ತಪ್ಪಿ ಆಯ್ತಾ?"

"ತಪ್ಪಿ ಅಲ್ಲ ಮಾರಾಯ್ರೇ. ನಿಮ್ಮ ಹೆಸರಿಗೆ ಆ ಪದ ಮೊದಲ ದಿನವೇ ಹಾಕಿಟ್ಟಿದ್ದೆ. ಬಣ್ಣದ ಸಾಲು ಬರೀಲಿಕ್ಕೆ ಇವತ್ತಿನವರೆಗೆ ನಂಗೆ ಧೈರ್ಯ ಇರ್ಲಿಲ್ಲ."